ಹೌದು ಅಥವಾ ಇಲ್ಲ

ನಮ್ಮ ಕಾಸರಗೋಡಿನಲ್ಲಿ ಕನ್ನಡ, ಮಲಯಾಳ ಎರಡನ್ನೂ ಬಲ್ಲವನಿಗೆ ಒಂದು ಕೆಲಸ ಹೇಳದೆಯೇ ಬಂದು ಸೇರುತ್ತದೆ. ಅದು ಊರವರ ಅರ್ಜಿ ತುಂಬುವುದು. ಶಾಲೆಯಿಂದ ನಿವೃತ್ತನಾದ ಮೇಲೆ ನನಗೂ ಅದು ಅಂಟಿಕೊಂಡಿದೆ. ರೇಷನ್ ಕಾರ್ಡು, ಪಿಂಚಣಿ, ಪಾಸ್‌ಪೋರ್ಟು ಇವೆಲ್ಲ ಕೈಗೆ ರೂಢಿಯಾಗಿವೆ. ಪೆನ್ನು ತಡೆಯುವುದು ಕೇಂದ್ರ ಸರ್ಕಾರದ ನೌಕರಿಗೆ ಆಯ್ಕೆಯಾದವರ ಪೂರ್ವಾಪರ ವಿಚಾರಣೆಯ ಫಾರಂ ಎದುರಾದಾಗ. ಎಂದಾದರೂ ಬಂಧನವಾಗಿದೆಯೇ, ಮೊಕದ್ದಮೆ ನಡೆದಿದೆಯೇ, ದಂಡ ತೆತ್ತಿದ್ದುಂಟೇ ಎಂದು ಅದು ಕೇಳುತ್ತದೆ. ಉತ್ತರ ಹೌದು ಅಥವಾ ಇಲ್ಲ.

ಈಚೆಗೆ ಇಂಥ ಫಾರಂ ಹಿಡಿದು ನೆರೆಮನೆಯ ಹುಡುಗನೊಬ್ಬ ತಾಯಿಯೊಡನೆ ಬಂದಿದ್ದ. ಮಂಗಳೂರಿನಲ್ಲಿ ಓದುತ್ತಿದ್ದಾಗ, ಹತ್ತೊಂಬತ್ತರ ಪ್ರಾಯದಲ್ಲಿ, ಗೆಳೆಯರ ಜೊತೆ ಗಾಂಜಾ ಸೇದಿ ಸಿಕ್ಕಿಬಿದ್ದವನು. ನಾವು ಗಾಂಜಾ ಎನ್ನುವುದನ್ನು ಮಲಯಾಳದವರು ಕಂಜಾವು ಎನ್ನುತ್ತಾರೆ. ಮಾನ ಹೋಗುವುದು ಎರಡೂ ಭಾಷೆಯಲ್ಲಿ ಒಂದೇ. ಸೇವನೆಯಷ್ಟೇ ಆದರೆ 1985ರ ಮಾದಕ ವಸ್ತು ಕಾಯಿದೆಯ 27ನೆಯ ಸೆಕ್ಷನ್ ಪ್ರಕಾರ ಗಾಂಜಾಕ್ಕೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅವನು ಕೋರ್ಟಿನಲ್ಲಿ ತಪ್ಪೊಪ್ಪಿ ದಂಡ ಕಟ್ಟಿ ಬಂದಿದ್ದ. ಆಮೇಲೆ ಅದರ ಸುದ್ದಿಗೆ ಹೋಗಿರಲಿಲ್ಲ.

"ಇಲ್ಲ ಅಂತ ಬರೆಯಿರಿ ಮಾಸ್ಟ್ರೇ. ತಲಪಾಡಿಯ ಆಚೆಗಿನ ಕೇಸು ಇಲ್ಲಿನ ಠಾಣೆಗೆ ಹೇಗೆ ಗೊತ್ತಾಗ್ತದೆ?" ಎಂದರು ತಾಯಿ.

ಗಡಿ ನಮ್ಮಿಂದ ಎಷ್ಟೋ ಕಿತ್ತುಕೊಂಡಿದೆ, ಇದನ್ನಾದರೂ ಮುಚ್ಚಿಡಲಿ ಎಂಬ ಆಸೆ ಸಹಜವೇ. ಆದರೆ ಐದು ವರ್ಷಗಳಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ವಾಸವಿದ್ದ ಊರುಗಳನ್ನೂ ಆ ಫಾರಂ ಕೇಳುತ್ತದೆ. ಮಂಗಳೂರಿನ ವಿಳಾಸ ಬರೆಯಲೇಬೇಕು. ಸುಳ್ಳು ಹೇಳಿದರೆ, ಮುಚ್ಚಿಟ್ಟರೆ ಅದೇ ಅನರ್ಹತೆ ಎಂಬ ಎಚ್ಚರಿಕೆಯೂ ಅದರಲ್ಲಿದೆ. ನಾನು ಓದಿ ಹೇಳಿದೆ. ಹುಡುಗ ತಾನೇ ಪೆನ್ನು ತೆಗೆದುಕೊಂಡು "ಹೌದು" ಎಂದು ಬರೆದ, ಕೋರ್ಟಿನ ಆದೇಶದ ಪ್ರತಿಯನ್ನೂ ಲಗತ್ತಿಸಿದ. ತಾಯಿ ನನ್ನ ಮುಖ ನೋಡಲಿಲ್ಲ. ಇಲಾಖೆಯಿಂದ ಉತ್ತರ ಇನ್ನೂ ಬಂದಿಲ್ಲ.

ನಿಜ ಬರೆದವನಿಗೆ ಕೆಲಸ ಖಂಡಿತವೆಂದು ಯಾರೂ ಭರವಸೆ ಕೊಡಲಾರರು. ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಇದನ್ನೇ: ನಿಜ ತಿಳಿಸಿದರೂ ಅಭ್ಯರ್ಥಿಯ ಪೂರ್ವಾಪರ ತೂಗುವ ಅಧಿಕಾರ ಮಾಲಕನದು, ಪ್ರಕರಣ ಕ್ಷುಲ್ಲಕವಾಗಿದ್ದರೆ, ಮುಚ್ಚಿಟ್ಟಿದ್ದನ್ನೂ ಅವನು ಮನ್ನಿಸಬಹುದು. 2011ರಲ್ಲಿ ಸಂದೀಪ್ ಕುಮಾರ್ ಪ್ರಕರಣದಲ್ಲಂತೂ ಅದೇ ನ್ಯಾಯಾಲಯ, ಒಂದು ರೊಟ್ಟಿ ಕದ್ದು ಜೀವಮಾನವಿಡೀ ಕಳ್ಳನೆನಿಸಿಕೊಂಡ ವಿಕ್ಟರ್ ಹ್ಯೂಗೋನ ಜೀನ್ ವಾಲ್ಜೀನನನ್ನು ನೆನೆದು, ಎಳೆಯ ಪ್ರಾಯದ ತಪ್ಪುಗಳನ್ನು ಮನ್ನಿಸಬೇಕೆಂದಿತ್ತು.

ಅಮೆರಿಕದಲ್ಲಿ ಸರ್ಕಾರದ ಗುಟ್ಟಿನ ಕಡತ ಮುಟ್ಟುವವರಿಗೆ ಭದ್ರತಾ ಅನುಮತಿ ಬೇಕು. ಅದಕ್ಕೆಂದು ಅಲ್ಲಿ ಬಹುಕಾಲ ಬಳಸಿದ ಎಸ್‌ಎಫ್-86 ಎಂಬ ಫಾರಂ ಕೇಸನ್ನಷ್ಟೇ ಅಲ್ಲ, ಹಿಂದಿನ ಏಳು ವರ್ಷಗಳಲ್ಲಿ ಮಾದಕ ವಸ್ತು ಬಳಸಿದ್ದನ್ನೇ ಕೇಳುತ್ತದೆ. ನಿಜ ಹೇಳಿದರೆ ಆ ಉತ್ತರವನ್ನೇ ಸಾಕ್ಷಿಯಾಗಿಟ್ಟು ಕ್ರಿಮಿನಲ್ ಮೊಕದ್ದಮೆ ನಡೆಸುವುದಿಲ್ಲವೆಂಬ ಮಾತೂ ಅದರಲ್ಲಿದೆ. 2017ರಲ್ಲಿ ಜಾರಿಗೆ ಬಂದ ಅಲ್ಲಿನ ಮಾರ್ಗಸೂಚಿಯಂತೆ ಎಷ್ಟು ಕಾಲದ ಹಿಂದೆ, ಎಷ್ಟು ಸಲ, ಮರುಕಳಿಸುವ ಸಂಭವವಿದೆಯೇ, ಹಳೆಯ ಸಹವಾಸ ಬಿಟ್ಟಿದ್ದಾನೆಯೇ ಎಂಬುದನ್ನೆಲ್ಲ ತೂಗುತ್ತಾರೆ. ಅಲ್ಲೂ ಎಲ್ಲರಿಗೂ ಅನುಮತಿ ಸಿಗುವುದಿಲ್ಲ. ಸುಳ್ಳು ಹೇಳಿದವನಿಗೆ ಅದೇ ಬೇರೊಂದು ಕಳಂಕ. ಆದರೂ ಕಳೆದ ಕಾಲಕ್ಕೆ ಅಲ್ಲಿ ಲೆಕ್ಕವುಂಟು.

ನಮ್ಮಲ್ಲಿ ಕೇಳುವುದು ಕೇಸನ್ನು. ಅದೇ ಕೋಣೆಯಲ್ಲಿ ಸೇದಿ, ಪೊಲೀಸರು ಬರುವ ಮೊದಲೇ ಎದ್ದು ಹೋದವನು ನಿರಾತಂಕವಾಗಿ "ಇಲ್ಲ" ಎಂದು ಬರೆಯಬಹುದು. ಅದು ಸುಳ್ಳೂ ಅಲ್ಲ. ಸಿಕ್ಕಿಬಿದ್ದವನಿಗೆ ಮಾತ್ರ "ಎಂದಾದರೂ" ಎಂಬ ಪದಕ್ಕೆ ವಾಯಿದೆಯೇ ಇಲ್ಲ. ನಿಜ ಬರೆಯಿರಿ ಎಂದು ಮಕ್ಕಳಿಗೆ ನಾನು ಇನ್ನು ಮುಂದೆಯೂ ಹೇಳುತ್ತೇನೆ. ಆದರೆ ಆ "ಹೌದು" ಓದುವ ಅಧಿಕಾರಿ ಅದರ ಪಕ್ಕದಲ್ಲಿರುವ ಇಸವಿಯನ್ನೂ ಹುಡುಗನ ಪ್ರಾಯವನ್ನೂ ಓದಬೇಕು. ಅಷ್ಟು ಓದುವುದು ಅವರ ಕರ್ತವ್ಯ.