ನಕ್ಷೆಯ ಉತ್ತರವೂ ನಮ್ಮ ಕಿಬ್ಲಾವೂ

ಕಳೆದ ಬೇಸಿಗೆಯ ರಜೆಯಲ್ಲಿ ಶ್ರೀರಾಮನಗರದ ನಮ್ಮ ಮನೆಯೊಳಗೆ ಒಂದು ಪ್ರಶ್ನೆ ಎದ್ದಿತು. ಏಳನೆಯ ತರಗತಿ ಮುಗಿಸಿದ್ದ ಮಗ ಜಗತ್ತಿನ ನಕ್ಷೆಯೊಂದನ್ನು ತಂದು ನಾವು ನಮಾಝ್ ಮಾಡುವ ಕೋಣೆಯ ಪಕ್ಕದ ಗೋಡೆಗೆ ಅಂಟಿಸಿದ್ದ. ಬಹಳ ಹೊತ್ತು ಅದನ್ನೇ ನೋಡುತ್ತ ನಿಂತವನು, "ಅಬ್ಬಾ, ನಕ್ಷೆಯಲ್ಲಿ ಯಾವಾಗಲೂ ಉತ್ತರವೇ ಏಕೆ ಮೇಲಿರುತ್ತದೆ? ನಾವು ದಿನಕ್ಕೆ ಐದು ಸಲ ಮುಖ ಮಾಡುವುದು ಕಅಬಾದ ಕಡೆಗೆ. ಅದು ಇಲ್ಲಿ ಎಡಗಡೆ ಇದೆಯಲ್ಲ?" ಎಂದು ಕೇಳಿದ.

ಮಕ್ಕಳ ಪ್ರಶ್ನೆಯೆಂದು ನಾವು ನಕ್ಕು ಸುಮ್ಮನಾದೆವು. ಆದರೆ ಅವನು ಸುಮ್ಮನಾಗಲಿಲ್ಲ. ನಮ್ಮೂರಿನಿಂದ ಮಕ್ಕಾಕ್ಕೆ ಅಳತೆಪಟ್ಟಿ ಇಟ್ಟು ಗೆರೆ ಎಳೆದ. ಮೊಬೈಲಿನ ದಿಕ್ಸೂಚಿಯನ್ನು ನೆಲದ ಮೇಲಿಟ್ಟ. ಬಳಿಕ ಮೆಲ್ಲನೆ ಹೇಳಿದ: "ನಾವು ಗೋಡೆಗೆ ನೇರವಾಗಿ ನಿಲ್ಲುತ್ತೇವೆ, ಅಂದರೆ ಸರಿಯಾಗಿ ಪಶ್ಚಿಮಕ್ಕೆ. ಇದು ಹದಿನೈದು ಡಿಗ್ರಿ ಉತ್ತರಕ್ಕೆ ತಿರುಗಬೇಕೆಂದು ತೋರಿಸುತ್ತಿದೆ. ಹಾಗಾದರೆ ದಾದಾ ಇಷ್ಟು ವರ್ಷ ಮಾಡಿದ ನಮಾಝ್..."

ಮಾತನ್ನು ಅವನು ಪೂರ್ತಿ ಮಾಡಲಿಲ್ಲ. ನಮಗೂ ಉತ್ತರ ಹೊಳೆಯಲಿಲ್ಲ.

ನಮ್ಮ ತಂದೆಯವರು ಇಲ್ಲಿನ ಅಕ್ಕಿ ಗಿರಣಿಗಳಲ್ಲಿ ಹಮಾಲಿ ಮಾಡಿ ನಮ್ಮನ್ನು ಸಾಕಿದವರು. ಅಸರ್‌ನ ಹೊತ್ತಿಗೆ ಹೆಗಲ ಮೇಲಿನ ಚೀಲ ಇಳಿಸಿ, ಅಂಗಳದ ಮೂಲೆಯಲ್ಲಿ ಖಾಲಿ ಗೋಣಿಯೊಂದನ್ನು ಹಾಸಿ, ಇಳಿಯುವ ಸೂರ್ಯನ ಕಡೆಗೆ ನಿಲ್ಲುತ್ತಿದ್ದರು. ಅವರು ನಕ್ಷೆ ಓದಿದವರಲ್ಲ, ದಿಕ್ಸೂಚಿ ಹಿಡಿದವರೂ ಅಲ್ಲ. ಪಡುವಣ ದಿಕ್ಕೇ ಅವರ ಕಿಬ್ಲಾ ಆಗಿತ್ತು. ಎರಡು ವರ್ಷಗಳ ಹಿಂದೆ ಅಲ್ಲಾಹನು ಅವರನ್ನು ತನ್ನ ಬಳಿಗೆ ಕರೆದುಕೊಂಡನು. ಮಗನ ಅರ್ಧ ಮಾತು ನಮ್ಮನ್ನು ರಾತ್ರಿಯಿಡೀ ಕಾಡಿತು. ಆಮೇಲೆ ನಾವು ಎರಡೂ ಪ್ರಶ್ನೆಗಳನ್ನು ಒಟ್ಟಿಗೆ ಹಿಡಿದು ಹೊರಟೆವು. ಉತ್ತರ ಏಕೆ ಮೇಲಿದೆ? ನಮ್ಮ ಹಿರಿಯರು ನಿಂತ ದಿಕ್ಕು ಸರಿಯೇ?

ಮೊದಲನೆಯದರಲ್ಲಿ ನಾವು ಕಂಡುಕೊಂಡದ್ದು ಇಷ್ಟು. ಉತ್ತರವು ನಕ್ಷೆಯ ಮೇಲ್ಭಾಗಕ್ಕೆ ಏರಿದ್ದು ಮನುಷ್ಯರ ರೂಢಿಯಿಂದ. ಭೂಮಿಗೆ ಮೇಲೆ-ಕೆಳಗೆ ಎಂಬುದಿಲ್ಲ. 1972ರ ಡಿಸೆಂಬರ್‌ನಲ್ಲಿ ಅಪೋಲೋ 17ರ ಗಗನಯಾತ್ರಿಗಳು ತೆಗೆದ ಭೂಮಿಯ ಪ್ರಸಿದ್ಧ ಚಿತ್ರದಲ್ಲಿ ದಕ್ಷಿಣ ಧ್ರುವವೇ ಮೇಲಿತ್ತು. ನೋಡುವವರ ಕಣ್ಣಿಗೆ ಒಗ್ಗಲೆಂದು ಅದನ್ನು ತಿರುಗಿಸಿ ಪ್ರಕಟಿಸಿದರು.

ಎರಡನೆಯ ಶತಮಾನದಲ್ಲಿ ಅಲೆಗ್ಸಾಂಡ್ರಿಯಾದ ಟಾಲೆಮಿ ತನ್ನ ಭೂಗೋಳ ಗ್ರಂಥದಲ್ಲಿ ಉತ್ತರವನ್ನು ಮೇಲಿರಿಸಿದ್ದ. ಅವನಿಗೆ ಗೊತ್ತಿದ್ದ ನಾಡುಗಳಲ್ಲಿ ಹೆಚ್ಚಿನವು ಭೂಮಧ್ಯರೇಖೆಯ ಉತ್ತರಕ್ಕೇ ಇದ್ದವು. ಆದರೆ ಆ ಪದ್ಧತಿ ಎಲ್ಲೆಡೆ ನಿಲ್ಲಲಿಲ್ಲ. ಮಧ್ಯಯುಗದ ಯುರೋಪಿನ ಕ್ರೈಸ್ತರು ಪೂರ್ವವನ್ನು ಮೇಲಿಟ್ಟು ಜೆರುಸಲೇಮನ್ನು ನಡುವೆ ಬರೆದರು. ಹದಿನೈದನೆಯ ಶತಮಾನದ ಆರಂಭದಲ್ಲಿ ಟಾಲೆಮಿಯ ಗ್ರಂಥ ಲ್ಯಾಟಿನ್ ಭಾಷೆಗೆ ಬಂತು. ಮುಂದೆ ಅಚ್ಚಿನ ಯಂತ್ರ ಅದರ ನಕ್ಷೆಗಳನ್ನು ಊರೂರಿಗೆ ಹರಡಿತು. ನಾವಿಕರ ಕೈಯಲ್ಲಿ ಉತ್ತರಕ್ಕೆ ನಿಲ್ಲುವ ಕಾಂತಸೂಜಿಯಿತ್ತು, ನೆತ್ತಿಯ ಮೇಲಿನ ಆಕಾಶದಲ್ಲಿ ಧ್ರುವ ನಕ್ಷತ್ರವಿತ್ತು. 1569ರಲ್ಲಿ ಮರ್ಕೇಟರ್ ನಾವಿಕರಿಗಾಗಿ ಬರೆದ ಜಗತ್ತಿನ ನಕ್ಷೆಯಲ್ಲಿಯೂ ಉತ್ತರ ಮೇಲಿತ್ತು. ಸಮುದ್ರವನ್ನು ಆಳಿದವರು ಬರೆದ ನಕ್ಷೆಯೇ ಎಲ್ಲರ ನಕ್ಷೆಯಾಯಿತು. ನಮ್ಮ ದೇಶದಲ್ಲಿ 1767ರಲ್ಲಿ ಕಂಪನಿ ಸರ್ಕಾರದ ಭೂಮಾಪನ ಆರಂಭವಾಯಿತು. 1802ರಲ್ಲಿ ಮದ್ರಾಸಿನಲ್ಲಿ ಲ್ಯಾಂಬ್ಟನ್ ಮಹಾ ತ್ರಿಕೋನಮಿತಿ ಸರ್ವೆಗೆ ಮೊದಲ ಗೆರೆ ಹಾಕಿದ. ಆ ಪರಂಪರೆಯ ರೂಢಿಯೇ ಇಂದು ನಮ್ಮ ಶಾಲೆಗಳ ಗೋಡೆಯ ಮೇಲಿದೆ.

ಕಾಂತಸೂಜಿಯೇ ಉತ್ತರವನ್ನು ಮೇಲಿರಿಸಿತೆಂದು ಕೆಲವರು ಹೇಳುವುದುಂಟು. ಆದರೆ ಸೂಜಿಯ ಒಂದು ತುದಿ ಉತ್ತರಕ್ಕಿದ್ದರೆ ಇನ್ನೊಂದು ದಕ್ಷಿಣಕ್ಕಿರುತ್ತದೆ. ಅದನ್ನು ಮೊದಲು ಬಳಸಿದ ಚೀನೀಯರು ಅದನ್ನು ದಕ್ಷಿಣ ತೋರುವ ಸೂಜಿಯೆಂದೇ ಕರೆದರು.

ನಮ್ಮ ಹಿಂದಿನ ವಿದ್ವಾಂಸರ ನಕ್ಷೆಗಳನ್ನು ಕಂಡಾಗ ಮಗನ ಕಣ್ಣು ಅರಳಿತು. ಹತ್ತನೆಯ ಶತಮಾನದ ಇಬ್ನ್ ಹೌಕಲ್‌ರ ನಕ್ಷೆಯಲ್ಲಿ ದಕ್ಷಿಣ ಮೇಲಿದೆ. ಅಲ್ ಇದ್ರೀಸಿಯವರು ಸಿಸಿಲಿಯ ದೊರೆ ಎರಡನೆಯ ರೋಜರನ ಆಶ್ರಯದಲ್ಲಿ 1154ರಲ್ಲಿ ಮುಗಿಸಿದ ಗ್ರಂಥದಲ್ಲಿ ಜಗತ್ತನ್ನು ಎಪ್ಪತ್ತು ಭಾಗಗಳಾಗಿ ಬರೆದರು. ಅಲ್ಲಿಯೂ ದಕ್ಷಿಣವೇ ಮೇಲೆ. ಆರಂಭ ಕಾಲದಲ್ಲಿ ಮುಸ್ಲಿಮರು ನೆಲೆಸಿದ್ದ ಅನೇಕ ನಾಡುಗಳಿಂದ ಮಕ್ಕಾ ದಕ್ಷಿಣಕ್ಕಿದ್ದುದೇ ಇದಕ್ಕೆ ಕಾರಣವಿರಬಹುದೆಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ಹನ್ನೊಂದನೆಯ ಶತಮಾನದ ತುರ್ಕಿ ಭಾಷಾಪಂಡಿತ ಮಹ್ಮೂದ್ ಅಲ್ ಕಾಶ್ಗರಿಯವರು ಪೂರ್ವವನ್ನು ಮೇಲಿರಿಸಿದರು. ಹದಿನೇಳನೆಯ ಶತಮಾನದ ಇಸ್ಫಹಾನಿನ ಕುಶಲಕರ್ಮಿಗಳು ಹಿತ್ತಾಳೆಯ ತಟ್ಟೆಯ ಮೇಲೆ ಮಕ್ಕಾವನ್ನೇ ನಡುವಿಟ್ಟು ಗೆರೆಗಳ ಜಾಲ ಕೆತ್ತಿದರು. ಊರು ಯಾವುದೇ ಇರಲಿ, ಅಲ್ಲಿಂದ ಕಿಬ್ಲಾದ ದಿಕ್ಕನ್ನೂ ದೂರವನ್ನೂ ಅದರಲ್ಲಿ ಓದಬಹುದಿತ್ತು. ನಾವು ಆಡುವ ನಕ್ಷೆ, ನಕಾಶೆ ಎಂಬ ಮಾತುಗಳೇ ಅರಬಿ ಮೂಲದವು.

ಭಾಷೆಯಲ್ಲೂ ಇಂಥದೇ ಒಂದು ಸಂಗತಿ ಅಡಗಿದೆ. ಸಂಸ್ಕೃತದ 'ದಕ್ಷಿಣ' ಎಂಬುದಕ್ಕೆ ಬಲಗಡೆ ಎಂಬ ಅರ್ಥವೂ ಇದೆ. ಅರಬಿಯ 'ಯಮೀನ್' ಎಂದರೂ ಬಲಗಡೆ. ಯಮನ್ ಎಂಬ ದಕ್ಷಿಣದ ನಾಡಿನ ಹೆಸರು ಅದೇ ಬೇರಿನದು. 'ಶಿಮಾಲ್' ಎಂದರೆ ಎಡ. 'ಶಮಾಲ್' ಎಂದರೆ ಉತ್ತರ. ಮೂಡುವ ಸೂರ್ಯನಿಗೆ ಮುಖ ಮಾಡಿ ನಿಂತವರಿಗೆ ಎಡ ಉತ್ತರವಾಗುತ್ತದೆ, ಬಲ ದಕ್ಷಿಣವಾಗುತ್ತದೆ. ಒಬ್ಬರನ್ನೊಬ್ಬರು ಕಾಣದ ಎರಡು ನಾಡಿನ ಹಿರಿಯರು ಒಂದೇ ಕಡೆಗೆ ಮುಖ ಮಾಡಿ ದಿಕ್ಕುಗಳಿಗೆ ಹೆಸರಿಟ್ಟಿದ್ದರು. ಮೂಡುವುದರಿಂದ ಮೂಡಣ, ಪಡುವುದರಿಂದ ಪಡುವಣ ಎಂದ ಕನ್ನಡಿಗರೂ ಸೂರ್ಯನನ್ನೇ ನೋಡಿದ್ದರು. ಸೂರ್ಯ ಮುಳುಗುವ ಕಡೆಗೂ ಆ ಹೊತ್ತಿನ ನಮಾಝಿಗೂ ಅರಬಿಯಲ್ಲಿ 'ಮಗ್ರಿಬ್' ಎಂಬ ಒಂದೇ ಹೆಸರಿದೆ.

ಮೇಲೆ-ಕೆಳಗೆ ಎಂಬುದು ನಿಂತ ಜಾಗವನ್ನು ಅವಲಂಬಿಸುತ್ತದೆ ಎಂಬುದನ್ನು ನಮ್ಮೂರಿನವರಿಗೆ ಯಾರೂ ಕಲಿಸಬೇಕಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಎಡದಂಡೆ ಕಾಲುವೆಗೆ ನೀರು ಬಂದ ಬಳಿಕವೇ ಈ ಭಾಗದಲ್ಲಿ ಕ್ಯಾಂಪುಗಳು ಎದ್ದವು, ಭತ್ತದ ಗದ್ದೆಗಳು ಹರಡಿದವು, ಗಿರಣಿಗಳು ಬಂದವು. ಮುನಿರಾಬಾದಿನಲ್ಲಿ ಹೊರಟ ಆ ಕಾಲುವೆ 227 ಕಿಲೋಮೀಟರ್ ಹರಿದು ರಾಯಚೂರಿನ ಕಡೆಗೆ ಹೋಗುತ್ತದೆ. ನಕ್ಷೆಯಲ್ಲಿ ಮುನಿರಾಬಾದು ಕೆಳಗಿದೆ, ರಾಯಚೂರು ಮೇಲಿದೆ. ಆದರೆ ನೀರಿನ ಲೆಕ್ಕದಲ್ಲಿ ಮುನಿರಾಬಾದಿನ ಕಡೆಯವರು ಮೇಲ್ಭಾಗದವರು, ಮಾನ್ವಿ-ರಾಯಚೂರಿನವರು ಕೊನೆಭಾಗದವರು. ನಕ್ಷೆಯಲ್ಲಿ ಮೇಲಿದ್ದಾರೆಂಬ ಕಾರಣಕ್ಕೆ ಕೊನೆಭಾಗದ ರೈತರ ಗದ್ದೆಗೆ ಒಂದು ಹನಿ ನೀರೂ ಹೆಚ್ಚು ಬರುವುದಿಲ್ಲ. ಕಾಗದದ ಮೇಲಿನ ಎತ್ತರವನ್ನು ನಿಜವಾದ ಎತ್ತರವೆಂದು ತಿಳಿಯುವ ತಪ್ಪನ್ನು ನಾವು ನಾಡುಗಳ ವಿಷಯದಲ್ಲೂ ಮನುಷ್ಯರ ವಿಷಯದಲ್ಲೂ ಮಾಡುತ್ತಿರುತ್ತೇವೆ.

ಇನ್ನು ಕಿಬ್ಲಾದ ವಿಷಯ. ಗೋಡೆಯ ನಕ್ಷೆಯಲ್ಲಿ ಮಗ ಎಳೆದ ಗೆರೆ ಪಶ್ಚಿಮದಿಂದ ಹತ್ತು ಡಿಗ್ರಿಯಷ್ಟು ಮಾತ್ರ ಉತ್ತರಕ್ಕೆ ವಾಲಿತ್ತು. ಮೊಬೈಲು ಹದಿನೈದು ಎನ್ನುತ್ತಿತ್ತು. ಈ ವ್ಯತ್ಯಾಸಕ್ಕೆ ಕಾರಣ ಭೂಮಿಯ ದುಂಡಾದ ಆಕಾರ. ಚಪ್ಪಟೆ ನಕ್ಷೆಯ ನೇರ ಗೆರೆ ಗೋಲದ ಮೇಲೆ ಅತಿ ಹತ್ತಿರದ ದಾರಿಯಲ್ಲ. ಗೋಲವೊಂದನ್ನು ತಂದು ನಮ್ಮ ಜಿಲ್ಲೆಯಿಂದ ಮಕ್ಕಾದವರೆಗೆ ದಾರವನ್ನು ಬಿಗಿಯಾಗಿ ಹಿಡಿದೆವು. ಹೊರಡುವಾಗಲೇ ಅದು ಉತ್ತರಕ್ಕೆ ಇನ್ನಷ್ಟು ಬಾಗಿತ್ತು. ಆ ದಾರದ ದಾರಿ ಸುಮಾರು 3,900 ಕಿಲೋಮೀಟರ್, ದಿಕ್ಕು ಪಶ್ಚಿಮದಿಂದ ಸುಮಾರು 15 ಡಿಗ್ರಿ ಉತ್ತರಕ್ಕೆ. ಇಂಥ ಲೆಕ್ಕವನ್ನು ಸಾವಿರ ವರ್ಷಗಳ ಹಿಂದೆಯೇ ಅಲ್ ಬಿರೂನಿಯವರು ಘಝ್ನಿ ಪಟ್ಟಣಕ್ಕಾಗಿ ಮಾಡಿದ್ದರು. ಊರುಗಳ ಸ್ಥಾನವನ್ನು ಅಳೆಯುವ ಕುರಿತು ಅವರು 1025ರಲ್ಲಿ ಮುಗಿಸಿದ ಗ್ರಂಥದ ಒಂದು ಮುಖ್ಯ ಉದ್ದೇಶವೇ ಕಿಬ್ಲಾದ ನಿರ್ಣಯವಾಗಿತ್ತು.

ಆದರೂ ಮೊಬೈಲಿನ ಮೇಲೆ ನಮಗೆ ಪೂರ್ತಿ ಭರವಸೆ ಬರಲಿಲ್ಲ. ಕಬ್ಬಿಣದ ಬೀರುವಿನ ಹತ್ತಿರ ಇಟ್ಟರೆ ಅದರ ಸೂಜಿ ಬೇರೆ ಕಡೆಗೆ ತಿರುಗುತ್ತಿತ್ತು. ಕೊನೆಗೆ ಸೂರ್ಯನನ್ನೇ ಕೇಳಿದೆವು. ವರ್ಷಕ್ಕೆ ಎರಡು ಸಲ, ಮೇ 28 ಮತ್ತು ಜುಲೈ 16ರ ಸುಮಾರಿಗೆ, ಸೂರ್ಯನು ಕಅಬಾದ ನೇರ ನೆತ್ತಿಯ ಮೇಲೆ ಬರುತ್ತಾನೆ. ನಮ್ಮ ಗಡಿಯಾರದಲ್ಲಿ ಆಗ ಮಧ್ಯಾಹ್ನ ಮೇ ತಿಂಗಳಲ್ಲಿ 2 ಗಂಟೆ 48 ನಿಮಿಷ, ಜುಲೈಯಲ್ಲಿ 2 ಗಂಟೆ 57 ನಿಮಿಷ. ಆ ಕ್ಷಣದಲ್ಲಿ ಸೂರ್ಯ ಕಾಣುವ ಊರಿನಲ್ಲೆಲ್ಲ ಸೂರ್ಯನಿರುವ ದಿಕ್ಕೇ ಕಿಬ್ಲಾ. ಜುಲೈಯಲ್ಲಿ ನಮ್ಮ ಕಡೆ ಮೋಡ ಕವಿದಿರುವುದುಂಟು, ಮೇ ತಿಂಗಳ ಬಿಸಿಲಿಗೆ ಕೊರತೆಯಿಲ್ಲ. ಆ ದಿನ ಅಂಗಳದಲ್ಲಿ ನೇರವಾಗಿ ಒಂದು ಕೋಲು ನೆಟ್ಟೆವು. ಹೊತ್ತಿಗೆ ಸರಿಯಾಗಿ ಮಗ ನೆರಳಿನ ತುದಿಯಿಂದ ಕೋಲಿನ ಬುಡಕ್ಕೆ ಸುಣ್ಣದ ಗೆರೆ ಎಳೆದ. ಗೋಡೆಯ ನೇರಕ್ಕಿಂತ ಆ ಗೆರೆ ಬಲಕ್ಕೆ ತಿರುಗಿತ್ತು. ಮಗನ ಲೆಕ್ಕ ಸರಿಯಾಗಿತ್ತು.

ಅವನ ಮುಖದಲ್ಲಿ ಸಂತೋಷವಿರಲಿಲ್ಲ. ಆ ಸಂಜೆ ಅವನನ್ನು ಕರೆದುಕೊಂಡು ಹಜ್ರತ್‌ರ ಬಳಿಗೆ ಹೋದೆವು. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ದೂರದವರು ಕಅಬಾದ ಕಟ್ಟಡಕ್ಕೇ ಗುರಿಯಿಡಬೇಕಿಲ್ಲ, ಅದರ ದಿಕ್ಕಿಗೆ ಮುಖ ಮಾಡಿದರೆ ಸಾಕು, 45 ಡಿಗ್ರಿಯೊಳಗಿನ ವ್ಯತ್ಯಾಸ ನಮಾಝನ್ನು ಕೆಡಿಸದು ಎಂಬ ಹನಫಿ ವಿದ್ವಾಂಸರ ನಿಲುವನ್ನು ವಿವರಿಸಿದರು. ಆಮೇಲೆ ಮಗನ ಕಡೆಗೆ ತಿರುಗಿ, "ಬೇಟಾ, ನೀನು ಕೇಳಿದ್ದನ್ನು ಸಹಾಬಿಗಳೂ ಕೇಳಿದ್ದರು" ಎಂದರು.

ಮದೀನಾಕ್ಕೆ ಬಂದ ಮೇಲೆ ಪ್ರವಾದಿ(ಸ)ಯವರು ಹದಿನಾರು ಅಥವಾ ಹದಿನೇಳು ತಿಂಗಳು ಬೈತುಲ್ ಮಕ್ದಿಸ್‌ನ ಕಡೆಗೆ, ಅಂದರೆ ಉತ್ತರಕ್ಕೆ, ಮುಖ ಮಾಡಿ ನಮಾಝ್ ನಿರ್ವಹಿಸಿದರು. ಬಳಿಕ ಕಅಬಾದ ಕಡೆಗೆ ತಿರುಗಲು ಆಜ್ಞೆಯಾಯಿತು. ಮದೀನಾದಿಂದ ಅದು ದಕ್ಷಿಣಕ್ಕೆ. ಸುದ್ದಿ ತಲುಪಿದಾಗ ನಮಾಝಿನಲ್ಲಿದ್ದವರು ಇದ್ದಲ್ಲಿಯೇ ತಿರುಗಿ ನಿಂತರು. ಅವರು ತಿರುಗಿದ್ದು ಹದಿನೈದು ಡಿಗ್ರಿಯಲ್ಲ, ಪೂರ್ತಿ ಬೆನ್ನ ಕಡೆಗೆ. ಆಗ ಒಂದು ಸಂಕಟ ಎದ್ದಿತು. ಹಳೆಯ ಕಿಬ್ಲಾದ ಕಡೆಗೆ ನಮಾಝ್ ಮಾಡುತ್ತಲೇ ತೀರಿಹೋದ ನಮ್ಮವರ ಗತಿಯೇನು? ಅಲ್ ಬಕರ ಅಧ್ಯಾಯದ 143ನೆಯ ಸೂಕ್ತ ಅವರಿಗೆ ಸಾಂತ್ವನ ನೀಡಿತು. ಅವರ ವಿಶ್ವಾಸವನ್ನು ಅಲ್ಲಾಹನು ವ್ಯರ್ಥಗೊಳಿಸುವವನಲ್ಲ ಎಂಬುದು ಅದರ ಆಶಯ. ಅಲ್ಲಿ ವಿಶ್ವಾಸ ಎಂದರೆ ನಮಾಝ್ ಎಂದೇ ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಅದೇ ಅಧ್ಯಾಯದ 177ನೆಯ ಸೂಕ್ತವು, ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ತಿರುಗಿಸುವುದಷ್ಟೇ ಪುಣ್ಯವಲ್ಲವೆಂದು ಎಚ್ಚರಿಸಿ, ಅನಾಥರಿಗೂ ಬಡವರಿಗೂ ನೀಡುವುದನ್ನು, ಕೊಟ್ಟ ಮಾತನ್ನು ಉಳಿಸಿಕೊಳ್ಳುವುದನ್ನು, ಕಷ್ಟದಲ್ಲಿ ಸಹನೆಯನ್ನು ನೆನಪಿಸುತ್ತದೆ.

ಹಿಂದಿರುಗುವ ದಾರಿಯಲ್ಲಿ ಮಗ ಇನ್ನೊಂದು ಲೆಕ್ಕ ಹೇಳಿದ. ಸೂರ್ಯ ದಿನವೂ ಒಂದೇ ಜಾಗದಲ್ಲಿ ಮುಳುಗುವುದಿಲ್ಲ. ನಮ್ಮೂರಿನಲ್ಲಿ ಜೂನ್ ತಿಂಗಳಲ್ಲಿ ಪಶ್ಚಿಮದಿಂದ 24 ಡಿಗ್ರಿ ಉತ್ತರಕ್ಕೂ, ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೂ ಸರಿಯುತ್ತಾನೆ. ಮೇ ತಿಂಗಳ ಆರಂಭದಲ್ಲಿ ಮತ್ತು ಆಗಸ್ಟ್‌ನ ಎರಡನೆಯ ವಾರದಲ್ಲಿ ಅವನು ಮುಳುಗುವುದು ಸರಿಸುಮಾರು ಕಿಬ್ಲಾದ ದಿಕ್ಕಿನಲ್ಲಿಯೇ. "ಹಾಗಾದರೆ ಆ ದಿನಗಳಲ್ಲಿ ದಾದಾ ಸರಿಯಾಗಿ ಕಅಬಾದ ಕಡೆಗೇ ನಿಂತಿದ್ದರು ಅಬ್ಬಾ" ಎಂದ. ನಮ್ಮ ಕಣ್ಣು ತೇವವಾಯಿತು.

ಆ ರಾತ್ರಿ ಇಶಾಕ್ಕೆ ಮೊದಲು ಜಾನಮಾಝನ್ನು ಸುಣ್ಣದ ಗೆರೆಯ ನೇರಕ್ಕೆ ತಿರುಗಿಸಿ ಹಾಸಿದೆವು. ಸರಿಯಾದುದು ತಿಳಿದ ಮೇಲೆ ಅದರಂತೆ ನಡೆಯುವುದು ನಮ್ಮ ಹೊಣೆ. ತಿಳಿಯುವ ಮೊದಲು ಪ್ರಾಮಾಣಿಕವಾಗಿ ನಡೆದವರ ಲೆಕ್ಕ ಅಲ್ಲಾಹನ ಬಳಿ ಇದೆ. ಇಂದು ಎಷ್ಟೋ ಊರುಗಳಲ್ಲಿ ಮೊಬೈಲ್ ಹಿಡಿದ ಯುವಕರು ಹಿರಿಯರ ಸಫ್‌ಗಳನ್ನು ತಪ್ಪೆಂದು ಜರಿಯುತ್ತಾರೆ. ಹಿರಿಯರು ಯುವಕರನ್ನು ಅಹಂಕಾರಿಗಳೆಂದು ದೂರುತ್ತಾರೆ. ಹತ್ತು-ಹದಿನೈದು ಡಿಗ್ರಿಗಾಗಿ ಜಮಾಅತಿನೊಳಗೆ ಮನಸ್ಸುಗಳು ಒಡೆದರೆ ಆ ಅಂತರವನ್ನು ಯಾವ ದಿಕ್ಸೂಚಿಯೂ ಸರಿಪಡಿಸದು.

ಮರುದಿನ ಫಜ್ರ್ ಮುಗಿಸಿ ಕಬರಸ್ತಾನಕ್ಕೆ ಹೋದೆವು. ನಮ್ಮ ಕಡೆ ಮಯ್ಯಿತ್ತನ್ನು ತಲೆ ಉತ್ತರಕ್ಕೂ ಮುಖ ಕಿಬ್ಲಾದ ಕಡೆಗೂ ಇರುವಂತೆ ಮಲಗಿಸುತ್ತಾರೆ. ಮಗ ಸ್ವಲ್ಪ ಹೊತ್ತು ನೋಡಿ, "ನಕ್ಷೆಯಲ್ಲಿರುವ ಹಾಗೆಯೇ ಉತ್ತರ ಮೇಲಿದೆ" ಎಂದ. ಆಮೇಲೆ ತಾನೇ, "ಆದರೆ ದಾದಾ ನೋಡುತ್ತಿರುವುದು ಕಅಬಾದ ಕಡೆಗೆ" ಎಂದು ಸೇರಿಸಿದ. ನಾವಿಬ್ಬರೂ ಕೈಯೆತ್ತಿ ಅವರ ಮಗ್‌ಫಿರತ್‌ಗಾಗಿ ದುಆ ಮಾಡಿದೆವು. ಅಲ್ಲಾಹನು ನಮ್ಮ ಹಿರಿಯರೆಲ್ಲರ ನಮಾಝನ್ನು ಸ್ವೀಕರಿಸಲಿ, ನಮ್ಮ ಮುಖವನ್ನೂ ಮನಸ್ಸನ್ನೂ ತನ್ನ ಕಡೆಗೆ ತಿರುಗಿಸಲಿ. ಆಮೀನ್.