ನಿಲ್ಲಿಸಿಡುವ ವಿದ್ಯೆ

ಗಾಡಿ ಓಡಿಸುವುದನ್ನು ಕಲಿಸಲು ಊರಿಗೆ ನೂರು ಜನ ಸಿಗುತ್ತಾರೆ. ಗಾಡಿ ನಿಲ್ಲಿಸಿಡುವುದನ್ನು ಕಲಿಸುವವರು ಒಬ್ಬರೂ ಸಿಗುವುದಿಲ್ಲ. ನಿಲ್ಲಿಸುವುದರಲ್ಲಿ ಕಲಿಯುವುದೇನು ಬಂತು, ಕೀಲಿ ತಿರುಗಿಸಿ ಸ್ಟ್ಯಾಂಡ್ ಹಾಕಿದರಾಯಿತು ಎಂದು ನಾನೂ ಬಹಳ ಕಾಲ ನಂಬಿದ್ದೆ. ಆ ನಂಬಿಕೆ ಸುಳ್ಳೆಂದು ತಿಳಿಯುವ ಹೊತ್ತಿಗೆ ಒಂದು ಯೆಜ್ಡಿಯನ್ನು ಕಳೆದುಕೊಂಡಿದ್ದೆ.

ಯೆಜ್ಡಿಯ ಕಥೆ ಆಮೇಲೆ ಹೇಳುತ್ತೇನೆ. ಮೊದಲು ಮಗನ ಬೈಕಿನ ವಿಷಯ.

2024ರ ಮೇ ತಿಂಗಳು. ಮಗ ಮೂರು ವರ್ಷದ ಕೆಲಸಕ್ಕೆಂದು ಜರ್ಮನಿಗೆ ಹೋಗಿ ಹದಿನೈದು ದಿನವಾಗಿತ್ತು. ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ಅವನ ಬೈಕು ನಿಂತಿತ್ತು. ಹೀರೋ ಇಂಪಲ್ಸ್. 2012ರಲ್ಲಿ ಅವನು ಕಾಲೇಜಿಗೆ ಸೇರಿದಾಗ ಹಟಹಿಡಿದು ಕೊಡಿಸಿಕೊಂಡದ್ದು. ಮನೆಗೆ ಬಂದ ದಿನ ಅದನ್ನು ನೋಡಿ ನಕ್ಕವರೇ ಹೆಚ್ಚು. ಮುಂದಿನ ಮಡ್‌ಗಾರ್ಡು ಚಕ್ರದಿಂದ ಗೇಣು ಮೇಲೆ, ಸೀಟು ಎಮ್ಮೆಯ ಬೆನ್ನಿನ ಎತ್ತರಕ್ಕೆ. ‘ಇದಕ್ಕೆ ಹತ್ತುವುದಕ್ಕೆ ಏಣಿ ಬೇಕಲ್ಲ ಮಾರಾಯ’ ಎಂದರು ಪಕ್ಕದ ಮನೆಯವರು. ಆದರೆ ಜುಲೈ ತಿಂಗಳಲ್ಲಿ ನಮ್ಮ ತೋಟದ ಇಳಿಜಾರಿನಲ್ಲಿ, ಜೀಪು ಹೂತುಹೋಗುವ ಕೆಸರಿನಲ್ಲಿ, ಅದು ಕಪ್ಪೆಯ ಹಾಗೆ ಕುಪ್ಪಳಿಸಿ ಮೇಲೆ ಬಂದ ಮೇಲೆ ನಗು ನಿಂತಿತು. ಮಗ ಅದಕ್ಕೆ ಕಟ್ಟೆಕಟ್ಟೆಯಾದ ಮಣ್ಣಿನ ಟಯರು ಹಾಕಿಸಿದ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ದಕ್ಷಿಣ ಅಮೆರಿಕದಲ್ಲಿ ನಡೆದ ಡಕಾರ್ ರ್‍ಯಾಲಿಯನ್ನು ಕೊನೆಮುಟ್ಟಿಸಿ, ಹಾಗೆ ಮಾಡಿದ ಮೊದಲ ಭಾರತೀಯನೆನಿಸಿದಾಗ ಪೇಪರಿನ ಚಿತ್ರವನ್ನು ಕತ್ತರಿಸಿ ಈ ಮಾಡಿನ ಗೋಡೆಗೇ ಅಂಟಿಸಿದ. ಚಿತ್ರ ಅರ್ಧ ಗೆದ್ದಲು ತಿಂದು ಅರ್ಧ ಇನ್ನೂ ಇದೆ.

ಫೋನಿನಲ್ಲಿ ಬೈಕಿನ ವಿಷಯ ಕೇಳಿದೆ. ‘ಮಾರಿಬಿಡಿ ಅಪ್ಪ, ಮಳೆಗಾಲದಲ್ಲಿ ಹಾಳಾಗುತ್ತೆ. ಯಾರು ನೋಡಿಕೊಳ್ತಾರೆ?’ ಎಂದ. ಮಾತು ಸರಿಯಾಗಿಯೇ ಇತ್ತು. ಆದರೆ ‘ನಾನು ಬಂದ ಮೇಲೆ ನೋಡೋಣ’ ಎಂದು ಅವನು ಹೇಳಲಿಲ್ಲ. ಆ ಒಂದು ಮಾತು ಇಲ್ಲದ್ದು ನನಗೆ ರಾತ್ರಿಯೆಲ್ಲ ಚುಚ್ಚಿತು. ಬೆಳಿಗ್ಗೆ ಎದ್ದು, ‘ಮಾರುವುದಿಲ್ಲ, ಇಡುತ್ತೇನೆ’ ಎಂದು ಹೆಂಡತಿಗೆ ಹೇಳಿದೆ. ಅವಳು ಮಾವಿನಮಿಡಿ ಉಪ್ಪಿಗೆ ಹಾಕಿದ ಭರಣಿಯ ಬಾಯಿ ಕಟ್ಟುತ್ತಿದ್ದಳು. ‘ಇಡೋದು ಅಂದರೆ ಸುಮ್ಮನೆ ಬಿಡೋದು ಅಂತ ಅಲ್ಲ, ಗೊತ್ತಿರಲಿ’ ಎಂದಳು. ಯೆಜ್ಡಿಯ ಕಥೆ ಅವಳಿಗೂ ಗೊತ್ತು.

ಈಗ ಅದನ್ನು ಹೇಳಿಬಿಡುತ್ತೇನೆ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾದ ರೋಡ್‌ಕಿಂಗ್ ಅದು. 250 ಸಿಸಿ, ಎರಡು ಸೈಲೆನ್ಸರು. ಕಿಕ್ ಹೊಡೆಯುವ ಸನ್ನೆಯೇ ಮುಂದಕ್ಕೆ ಮಡಚಿದರೆ ಗೇರಿನ ಸನ್ನೆ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ನನ್ನ ಗಾಡಿ ಅದಕ್ಕಿಂತ ಎರಡು ವರ್ಷ ಮೊದಲೇ ಸತ್ತಿತ್ತು. 1990ರಲ್ಲಿ ನನಗೆ ಹುಬ್ಬಳ್ಳಿಗೆ ವರ್ಗವಾಯಿತು. ಗಾಡಿಯನ್ನು ಇದೇ ಮಾಡಿನಲ್ಲಿ ನಿಲ್ಲಿಸಿ ಬಸ್ಸು ಹತ್ತಿದೆ. ‘ಇದನ್ನೇನು ಮಾಡಲೋ?’ ಎಂದು ಅಪ್ಪಯ್ಯ ಕೇಳಿದರು. ‘ಏನೂ ಮಾಡಬೇಡಿ, ಇರಲಿ. ಬರ್ತೀನಲ್ಲ’ ಎಂದೆ.

ಬಂದದ್ದು ನಾಲ್ಕು ಮಳೆಗಾಲ ಕಳೆದ ಮೇಲೆ. ನಡುವೆ ಹಬ್ಬಕ್ಕೆ ಬಂದಾಗಲೆಲ್ಲ ಒಂದು ದಿನದ ಮಟ್ಟಿಗೆ ಬಂದವನು ಗಾಡಿಯ ಕಡೆ ತಿರುಗಿ ನೋಡಿರಲಿಲ್ಲ. 1994ರಲ್ಲಿ ಹೋಗಿ ನೋಡಿದರೆ ಆಶ್ಚರ್ಯ. ಟ್ಯಾಂಕು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹ್ಯಾಂಡಲ್ಲಿನಲ್ಲಿ ಒಂದು ಚುಕ್ಕೆ ತುಕ್ಕಿಲ್ಲ. ಅಪ್ಪಯ್ಯ ವಾರಕ್ಕೊಮ್ಮೆ, ತಪ್ಪದೆ, ತೆಂಗಿನೆಣ್ಣೆ ಸವರಿದ ಬಟ್ಟೆಯಿಂದ ಒರೆಸಿದ್ದರಂತೆ. ನಾನು ಖುಷಿಯಿಂದ ಕಿಕ್ ಮೇಲೆ ಕಾಲಿಟ್ಟೆ. ಅದು ಕಲ್ಲಿನ ಮೇಲೆ ಕಾಲಿಟ್ಟಂತಿತ್ತು. ಪಿಸ್ಟನ್ನು ಸಿಲಿಂಡರಿಗೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಟ್ಯಾಂಕಿನ ತಳ ಒಳಗಿನಿಂದ ತಿಂದುಹೋಗಿತ್ತು. ಕ್ರ್ಯಾಂಕಿನ ಬೇರಿಂಗು ಕೂಡ ಉಳಿದಿರಲಿಲ್ಲ. ಮೆಕ್ಯಾನಿಕ್ ಹೇಳಿದ ಖರ್ಚು ಕೇಳಿ ಗುಜರಿಯವನಿಗೆ ತೂಕಕ್ಕೆ ಹಾಕಿದೆ. ಗುಜರಿಯವನು ಅದನ್ನು ಎತ್ತಿ ಲಾರಿಗೆ ಹಾಕುವಾಗ ಅಪ್ಪಯ್ಯ ಜಗುಲಿಯಲ್ಲಿ ಕೂತು ನೋಡುತ್ತಿದ್ದರು. ‘ನಾನು ಒರೆಸ್ತಾನೇ ಇದ್ದೆನಲ್ಲೋ’ ಎಂದರು. ಅಷ್ಟೇ.

ಅವರಿಗೆ ಅದೊಂದೇ ಗೊತ್ತಿತ್ತು. ಉಳಿದದ್ದನ್ನು ಹೇಳಬೇಕಾದವನು ನಾನು. ನಾನು ‘ಏನೂ ಮಾಡಬೇಡಿ’ ಎಂದಿದ್ದೆ.

ಓಡುವ ಗಾಡಿ ಕೆಡುವುದಕ್ಕಿಂತ ನಿಂತ ಗಾಡಿ ಕೆಡುವುದು ಹೆಚ್ಚು, ಮತ್ತು ಅದು ಕೆಡುವುದು ಒಳಗಿನಿಂದ. ಈ ಎರಡು ಮಾತು ತಿಳಿದರೆ ನಿಲ್ಲಿಸಿಡುವ ವಿದ್ಯೆ ಅರ್ಧ ಬಂದಂತೆ. ಈ ಸಲ ನಾನು ಪೇಟೆಯ ಮೆಕ್ಯಾನಿಕ್ಕನ ಮುಂದೆ ಒಂದು ನೋಟ್‌ಬುಕ್ಕು ಹಿಡಿದು ಕೂತು, ಕೇಳಿ ಬರೆದುಕೊಂಡು ಬಂದೆ. ಅವನು ನನ್ನ ಮಗನಿಗಿಂತ ಚಿಕ್ಕವನು. ‘ಸಾರ್, ಇಷ್ಟೆಲ್ಲ ಯಾರೂ ಮಾಡಲ್ಲ’ ಎಂದು ನಗುತ್ತಲೇ ಎಲ್ಲವನ್ನೂ ಹೇಳಿದ.

ಮೊದಲನೆಯ ಕೆಲಸ ಎಂಜಿನ್ ಆಯಿಲ್ ಬದಲಿಸುವುದು. ಗಾಡಿ ನಿಲ್ಲಿಸುವುದಕ್ಕೆ ಹೊಸ ಆಯಿಲ್ ಏಕೆ, ತೆಗೆಯುವಾಗ ಹಾಕಿದರಾಯಿತಲ್ಲ ಎಂದು ಜಿಪುಣತನ ಹೇಳುತ್ತದೆ. ಆದರೆ ಸುಟ್ಟ ಆಯಿಲಿನಲ್ಲಿ ತೇವವೂ ಆಮ್ಲವೂ ಸೇರಿರುತ್ತವೆ. ಅದರಲ್ಲಿ ವರ್ಷಗಟ್ಟಲೆ ನೆನೆದ ಬೇರಿಂಗು ಉಳಿಯುವುದಿಲ್ಲ. ನಾನು ತೋಟದ ರಸ್ತೆಯಲ್ಲಿ ನಾಲ್ಕು ಸುತ್ತು ಹೊಡೆದು ಎಂಜಿನ್ ಬಿಸಿ ಮಾಡಿ, ಕಪ್ಪು ಆಯಿಲನ್ನು ಬಸಿದು, ಹೊಸದು ಹಾಕಿ, ಅದು ಎಲ್ಲ ಕಡೆ ಹರಿಯಲೆಂದು ಮತ್ತೆರಡು ನಿಮಿಷ ಓಡಿಸಿದೆ. ಅರವತ್ತೇಳರ ವಯಸ್ಸಿನಲ್ಲಿ ಆ ಎತ್ತರದ ಸೀಟಿನ ಮೇಲೆ ನಾಲ್ಕು ಸುತ್ತು! ಹೆಂಡತಿ ಜಗುಲಿಯಿಂದ ನೋಡಿ ಒಳಗೆ ಹೋದಳು. ನಗಲಿಕ್ಕೋ ದೇವರಿಗೆ ಕೈಮುಗಿಯಲಿಕ್ಕೋ ಗೊತ್ತಿಲ್ಲ.

ಎರಡನೆಯದು ಸ್ನಾನ. ಮಣ್ಣಿನಲ್ಲಿ ಓಡುವ ಬೈಕಿನ ಸಂದುಗಳಲ್ಲೆಲ್ಲ ಮಣ್ಣು ಮೆತ್ತಿಕೊಂಡಿರುತ್ತದೆ. ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದರ ಅಡಿಗೆ ಕಬ್ಬಿಣ ಕೊಳೆಯುತ್ತದೆ. ಸೈಲೆನ್ಸರಿನ ಬಾಯಿ ಮುಚ್ಚಿ ತೊಳೆದು, ಮೇ ತಿಂಗಳ ಬಿಸಿಲಿನಲ್ಲಿ ಎರಡು ದಿನ ಒಣಗಿಸಿದೆ. ಚೈನನ್ನು ಸೀಮೆಎಣ್ಣೆಯಲ್ಲಿ ಹಳೆಯ ಬ್ರಶ್ಶಿನಿಂದ ಉಜ್ಜಿ, ಒರೆಸಿ, ಗೇರ್ ಆಯಿಲ್ ಹಚ್ಚಿದೆ.

ಮೂರನೆಯದು ಪೆಟ್ರೋಲು. ಇದರಲ್ಲಿ ಎರಡು ಮತವಿದೆ. ಟ್ಯಾಂಕು ತುಂಬಿಸಿಟ್ಟರೆ ಒಳಗೆ ಗಾಳಿಗೆ ಜಾಗವಿಲ್ಲ, ತುಕ್ಕಿಲ್ಲ ಎಂಬುದು ಹಳೆಯ ಮತ. ಒಂದೆರಡು ತಿಂಗಳಿಗಾದರೆ ಅದು ಸರಿಯೇ. ಆದರೆ ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೂ ಎಥನಾಲ್ ಬೆರೆತಿರುತ್ತದೆ. ಎಥನಾಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಹೀರಿದ್ದು ಹೆಚ್ಚಾದಾಗ ಆ ನೀರಿನ ಸಮೇತ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಆಮೇಲೆ ಟ್ಯಾಂಕಿನ ತಳ ತೂತಾಗಲು ಬೇರೆ ಕಾರಣ ಬೇಡ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯ ನೆರೆಯ ಸೀಮೆ ನಮ್ಮದು. ಮಳೆಗಾಲದಲ್ಲಿ ಗಾಳಿಯೇ ಅರ್ಧ ನೀರು. ಹಾಗಾಗಿ ನಾನು ಟ್ಯಾಂಕು ಪೂರ್ತಿ ಖಾಲಿ ಮಾಡಿ, ಒಳಗೆ ಒಂದು ಲೋಟ ಎಂಜಿನ್ ಆಯಿಲ್ ಹಾಕಿ, ಟ್ಯಾಂಕನ್ನು ಮಗುವನ್ನು ತೂಗಿದ ಹಾಗೆ ಎಲ್ಲ ಕಡೆಗೂ ವಾಲಿಸಿ, ಮಿಕ್ಕದ್ದನ್ನು ಬಸಿದೆ. ಕಾರ್ಬುರೇಟರಿನ ಬಟ್ಟಲಿನ ಕೆಳಗಿರುವ ಸಣ್ಣ ಸ್ಕ್ರೂ ಸಡಿಲಿಸಿ ಅದರಲ್ಲಿದ್ದದ್ದನ್ನೂ ಇಳಿಸಿದೆ. ಅಲ್ಲಿ ಉಳಿದ ನಾಲ್ಕು ಹನಿ ಒಣಗಿದರೆ ಹಲಸಿನ ಮೇಣದ ಹಾಗೆ ಅಂಟಾಗಿ ಜೆಟ್ಟಿನ ಕೂದಲಗಾತ್ರದ ತೂತನ್ನು ಮುಚ್ಚಿಬಿಡುತ್ತದೆ.

ನಾಲ್ಕನೆಯದು ಬಹಳ ಮುಖ್ಯ. ನನ್ನ ಯೆಜ್ಡಿಗೆ ಸಿಗದೆ ಹೋದ ಉಪಚಾರ ಅದು. ಪ್ಲಗ್ ಬಿಚ್ಚಿ ಆ ತೂತಿನಿಂದ ಎರಡು ಚಮಚ ಎಂಜಿನ್ ಆಯಿಲ್ ಒಳಗೆ ಬಿಡಬೇಕು. ಕೀಲಿ ಹಾಕದೆ ಕಿಕ್ಕನ್ನು ಮೆಲ್ಲಗೆ ಐದಾರು ಸಲ ಒತ್ತಬೇಕು. ಎಣ್ಣೆ ಸಿಲಿಂಡರಿನ ಗೋಡೆಗೆಲ್ಲ ಸವರಿಕೊಳ್ಳುತ್ತದೆ. ಆಮೇಲೆ ಪ್ಲಗ್ ಮತ್ತೆ ಹಾಕಬೇಕು. ಎರಡೇ ಚಮಚ! ನಾಲ್ಕು ವರ್ಷ ತೆಂಗಿನೆಣ್ಣೆ ಸವರಿದ ಅಪ್ಪಯ್ಯನ ಕೈಗೆ ಈ ಎರಡು ಚಮಚದ ಗುಟ್ಟನ್ನು ಹೇಳಿದ್ದರೆ! ಅದನ್ನು ಹಾಕುವಾಗ ನನ್ನ ಕೈ ಸ್ವಲ್ಪ ನಡುಗಿತು. ಅಡುಗೆಮನೆಯ ಚಮಚ ತಂದದ್ದಕ್ಕೆ ಹೆಂಡತಿ ಬೈಯುತ್ತ ಬಂದವಳು, ನಾನು ಮಾಡುವುದನ್ನು ನೋಡಿ ನಿಂತಳು. ‘ಭರಣಿಯ ಮೇಲೆ ನಾನು ಎಣ್ಣೆಬಟ್ಟೆ ಹಾಕ್ತೀನಲ್ಲ, ಅದೇ ಅಲ್ವಾ ಇದು?’ ಎಂದಳು. ಅದೇ. ಅಪ್ಪೆಮಿಡಿ ಮೂರು ವರ್ಷ ಗರಿಗರಿಯಾಗಿ ಇರಬೇಕಾದರೆ ನೀರು ಸೋಕಬಾರದು, ಗಾಳಿ ತಾಗಬಾರದು, ಮೇಲೆ ಎಣ್ಣೆ ಇರಬೇಕು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದ ಶಾಸ್ತ್ರವನ್ನು ಅವಳು ಮೂವತ್ತೈದು ವರ್ಷದಿಂದ ಮಾಡುತ್ತಿದ್ದಳು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಎಲ್ಲ ಮನೆಯಲ್ಲೂ ನಡೆಯುವುದು ಇದೇ ತಾನೆ? ಕಟ್ಟಿಗೆ, ಹಪ್ಪಳ, ಮಿಡಿ. ಈ ವರ್ಷ ನಮ್ಮಲ್ಲಿ ಒಂದು ಬೈಕು ಹೆಚ್ಚಾಯಿತು, ಅಷ್ಟೇ.

ಅಲ್ಲಿಂದ ಮುಂದೆ ಅವಳೂ ಜೊತೆಗೆ ಸೇರಿದಳು. ಟಯರು ಒಂದೇ ಜಾಗದಲ್ಲಿ ಭಾರ ಹೊತ್ತರೆ ಅಲ್ಲೇ ಚಪ್ಪಟೆಯಾಗುತ್ತದೆ. ಹಾಗಾಗಿ ಎಂಜಿನ್ನಿನ ಅಡಿಗೆ ಮರದ ದಿಮ್ಮಿ ಕೊಟ್ಟು ಎರಡೂ ಗಾಲಿ ನೆಲ ಬಿಡುವಂತೆ ಎತ್ತಿ ನಿಲ್ಲಿಸಿ, ಎರಡು ಕಡೆಯಿಂದ ಹಗ್ಗ ಕಟ್ಟಿದೆವು. ಬ್ಯಾಟರಿಯನ್ನು ಬಿಚ್ಚಿ, ಮೊದಲು ನೆಗೆಟಿವ್ ಆಮೇಲೆ ಪಾಸಿಟಿವ್, ಮನೆಯೊಳಗೆ ಒಯ್ದೆ. ಸೈಲೆನ್ಸರಿನ ಬಾಯಿಗೂ ಏರ್ ಫಿಲ್ಟರಿನ ಬಾಯಿಗೂ ಬಟ್ಟೆ ತುರುಕಿದೆವು. ಇಲಿಗೆ ಸೈಲೆನ್ಸರಿಗಿಂತ ಒಳ್ಳೆಯ ಬಾಣಂತಿಕೋಣೆ ಸಿಗುವುದಿಲ್ಲ. ಮರೆತು ಸ್ಟಾರ್ಟ್ ಮಾಡಬಾರದೆಂದು ಕಣ್ಣಿಗೆ ಹೊಡೆಯುವ ಕೆಂಪು ಬಟ್ಟೆಯನ್ನೇ ಅವಳು ಹುಡುಕಿ ಕೊಟ್ಟಳು. ಹೊದಿಸಲು ನಾನು ಪ್ಲಾಸ್ಟಿಕ್ ಟಾರ್ಪಾಲು ತಂದಿದ್ದೆ. ‘ಅದರೊಳಗೆ ಬೆವರುತ್ತೆ ಕಣ್ರೀ’ ಎಂದು ಅವಳೇ ತಡೆದು ಎರಡು ಹಳೆಯ ನೂಲಿನ ಸೀರೆ ಹೊದಿಸಿದಳು. ಮೆಕ್ಯಾನಿಕ್ಕನೂ ಅದನ್ನೇ ಹೇಳಿದ್ದ. ನಾನು ಬರೆದುಕೊಳ್ಳಲು ಮರೆತಿದ್ದೆ.

ಆ ಸಂಜೆ ಹೊದಿಕೆ ಸರಿಸಿ ಒಂದು ಫೋಟೊ ತೆಗೆದು ಮಗನಿಗೆ ಕಳಿಸಿದೆ. ಮಾರಲಿಲ್ಲ ಎಂದೇನೂ ಬರೆಯಲಿಲ್ಲ. ಉತ್ತರ ಬರಲಿಲ್ಲ. ನಡುರಾತ್ರಿ ದಾಟಿದ ಮೇಲೆ ಫೋನು ಮಿಣುಕಿತು. ‘ಕ್ಲಚ್ ಲಿವರ್ ಹಿಡಿದು ಕಟ್ಟಿ ಅಪ್ಪ. ಇಲ್ಲದಿದ್ದರೆ ಪ್ಲೇಟ್ ಅಂಟಿಕೊಳ್ಳುತ್ತೆ.’

ಇಷ್ಟೇ ಇದ್ದದ್ದು. ನಾನು ಟಾರ್ಚು ಹಿಡಿದು ಮಾಡಿಗೆ ಹೋಗಿ, ಲಿವರನ್ನು ಹಿಡಿಗೆ ಒತ್ತಿ ಬಾಳೆಯ ನಾರಿನಿಂದ ಕಟ್ಟಿ ಬಂದು ಮಲಗಿದೆ. ಒಳ್ಳೆಯ ನಿದ್ದೆ ಬಂತು. ಬೆಳಿಗ್ಗೆ ನಾರು ತೆಗೆದು ಗಟ್ಟಿ ದಾರ ಕಟ್ಟಿದೆ.

ಈಗ ಎರಡು ಮಳೆಗಾಲ ಕಳೆದಿವೆ. ತಿಂಗಳಿಗೊಮ್ಮೆ ಬ್ಯಾಟರಿಗೆ ಚಾರ್ಜು ಕೊಡುತ್ತೇನೆ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಇಡಿ ಎಂದು ಬಂದವರೆಲ್ಲ ಬುದ್ಧಿ ಹೇಳುತ್ತಾರೆ. ಅದು ತಪ್ಪು. ಪೆಟ್ರೋಲು ಉರಿದಾಗ ನೀರಾವಿಯೂ ಹುಟ್ಟುತ್ತದೆ. ಐದು ನಿಮಿಷದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗದೆ ಆ ನೀರು ಒಳಗೇ ಉಳಿಯುತ್ತದೆ. ನಾನು ಕಿಕ್ಕನ್ನು ಕೈಯಿಂದ ಒಂದಿಷ್ಟು ಒತ್ತಿ ನೋಡುತ್ತೇನೆ. ಪಿಸ್ಟನ್ನು ಜರುಗುತ್ತದೆ. ಅಷ್ಟು ಸಾಕು.

ಬೈಕಿನ ನೋಂದಣಿ 15 ವರ್ಷಕ್ಕೆ, ಅಂದರೆ 2027ಕ್ಕೆ ಮುಗಿಯುತ್ತದೆ. ಮಗನ ಮೂರು ವರ್ಷವೂ ಆಗಲೇ ಮುಗಿಯಬೇಕು. ಅವನು ಬರುತ್ತಾನೋ ಇಲ್ಲವೋ ನಾನು ಕೇಳಿಲ್ಲ, ಅವನು ಹೇಳಿಲ್ಲ. ನೋಂದಣಿಯನ್ನು ಮತ್ತೆ ಮಾಡಿಸಬಹುದು.

ಹ್ಯಾಂಡಲ್ಲಿಗೆ ಒಂದು ಚೀಟಿ ಕಟ್ಟಿದ್ದೇನೆ. ಹೀಗೆ ಇಟ್ಟ ಗಾಡಿಗೆ ಏನೇನು ಮಾಡಿದೆ ಎಂದು ಬರೆದಿಡುವುದು ಕೊನೆಯ ಕೆಲಸ. ‘ನೀವೇ ಇರ್ತೀರಲ್ಲ, ಬಾಯಲ್ಲಿ ಹೇಳಿದರಾಯಿತು’ ಎಂದಳು ಹೆಂಡತಿ. ನಾನು ಏನೂ ಹೇಳದೆ ಗಂಟು ಬಿಗಿದೆ. ಮೊದಲ ಮಳೆಗಾಲದಲ್ಲಿ ಶಾಯಿ ಹರಡಿ ಅಕ್ಷರ ಅಳಿಸಿತು. ಪೆನ್ಸಿಲಿನಲ್ಲಿ ಮತ್ತೆ ಬರೆದು ಪ್ಲಾಸ್ಟಿಕ್ ಚೀಲದಲ್ಲಿಟ್ಟೆ. ಅದರಲ್ಲಿ ಹೀಗಿದೆ:

‘ಟ್ಯಾಂಕ್ ಖಾಲಿ, ಹೊಸ ಪೆಟ್ರೋಲ್ ಹಾಕು. ಕೆಂಪು ಬಟ್ಟೆ ಎರಡಿವೆ, ಎರಡನ್ನೂ ತೆಗಿ. ಕ್ಲಚ್ಚಿನ ದಾರ ಬಿಚ್ಚು. ಬ್ಯಾಟರಿ ಒಳಗೆ ಭರಣಿಗಳ ಪಕ್ಕದ ಗೂಡಿನಲ್ಲಿದೆ. ಸ್ಟಾರ್ಟ್ ಆದ ಕೂಡಲೇ ಬಿಳಿ ಹೊಗೆ ಬರುತ್ತದೆ, ಹೆದರಬೇಡ. ಅದು ನಾನು ಹಾಕಿದ ಎಣ್ಣೆ.’