ಜಠರದ ಅರ್ಬುದವೂ ಅದರ ಕಾಲವೂ

ಸಿಂದಗಿ, ಇಂಡಿಗಳ ಕಡೆ ಹೊಟ್ಟೆಯುರಿದರೆ ದೋಷವೆಲ್ಲ ಮೆಣಸಿನಕಾಯಿಯ ಮೇಲೆಯೇ. ಹಿರಿಯರು ನಾಲ್ಕು ದಿನ ಖಾರ ಬಿಟ್ಟು, ಮಜ್ಜಿಗೆ ಕುಡಿದು ಸುಮ್ಮನಾಗುವರು. ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿಯೂ ರೂಢಿ ಬೇರೆಯಲ್ಲ. ಬಹುಮಟ್ಟಿಗೆ ಇದರಿಂದ ಕೆಡುಕಿಲ್ಲ. ಆದರೆ ಜಠರದಲ್ಲಿ ಹುಟ್ಟುವ ಅರ್ಬುದವು ಮೊದಮೊದಲು ಉರಿಯನ್ನು ಕೂಡ ತೋರದಿರುವುದುಂಟು. ಮೈ ಇಳಿದು, ಮಲವು ಕಪ್ಪಾದ ಮೇಲೆ ಆಸ್ಪತ್ರೆಗೆ ಹೋದವರಿಗೆ ಸುಲಭವಾದ ದಾರಿಯು ಸಾಮಾನ್ಯವಾಗಿ ಮುಚ್ಚಿರುತ್ತದೆ.

ಆ ದಾರಿಯಾದರೂ ಎಂಥದು! 1881ರಲ್ಲಿ ವಿಯೆನ್ನಾದ ಬಿಲ್ರೋತನು ಹೊಟ್ಟೆಯನ್ನು ಸೀಳಿ ಜಠರದ ಭಾಗವನ್ನೇ ಕತ್ತರಿಸಿ ತೆಗೆದನು. ರೋಗಿಯು ನಾಲ್ಕು ತಿಂಗಳೊಳಗೆ ತೀರಿಕೊಂಡಳು. 1990ರ ದಶಕದಲ್ಲಿ ಜಪಾನಿನ ವೈದ್ಯರು ಬಾಯಿಯಿಂದಲೇ ಎಂಡೋಸ್ಕೋಪಿನ ನಳಿಕೆಯನ್ನಿಳಿಸಿ, ಗಂಟಿನ ಅಡಿಗೆ ದ್ರವವನ್ನು ಚುಚ್ಚಿ ಉಬ್ಬಿಸಿ, ವಿದ್ಯುತ್ತಿನ ಸಣ್ಣ ಕತ್ತಿಯಿಂದ ಒಳಪದರವನ್ನು ಒಂದೇ ತುಂಡಾಗಿ ಬಿಡಿಸುವ ಕ್ರಮವನ್ನು ರೂಢಿಸಿದರು. ರಕ್ತಸ್ರಾವ, ಜಠರಕ್ಕೆ ತೂತು ಬೀಳುವುದು, ಇವೆರಡು ಇದರ ಅಪಾಯಗಳು.

ತೆಗೆದ ತುಂಡಿನ ಅಂಚುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವರು. ಶೇಷವುಳಿದ ಅರ್ಬುದವು ಬೇಗನೆ ಮರಳಿ ಹುಟ್ಟುವುದೆಂದು ಸುಶ್ರುತನೂ ಎಚ್ಚರಿಸಿರುವನು. ಅಂಚು ಶುದ್ಧವಾಗಿದ್ದು ರೋಗವು ಆಳಕ್ಕಿಳಿಯದಿದ್ದರೆ, ಐದು ವರ್ಷಗಳ ತರುವಾಯವೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಬದುಕಿರುವರು. ಆಳಕ್ಕಿಳಿದಿದ್ದರೆ ಮತ್ತೆ ಶಸ್ತ್ರಚಿಕಿತ್ಸೆಯೇ ಗತಿ.

ಗುಣವಾದವನು ಒಂದನ್ನು ಮರೆಯುವನು: ಜಠರವು ಉಳಿದಿದೆ, ಅದರಲ್ಲಿ ಬೇರೊಂದೆಡೆ ಹೊಸ ಗಂಟು ಏಳಬಹುದು. ಆದುದರಿಂದ ಹೆಲಿಕೋಬ್ಯಾಕ್ಟರ್ ಎಂಬ ಕ್ರಿಮಿಯಿದ್ದರೆ ಔಷಧದಿಂದ ನೀಗಿಸಿ, ವರ್ಷಕ್ಕೊಮ್ಮೆ ನಳಿಕೆಯ ಪರೀಕ್ಷೆಗೆ ಹೋಗಬೇಕು. ಹೊಟ್ಟೆಯ ಮೇಲೆ ಗಾಯದ ಗುರುತೇ ಇಲ್ಲದ ಅಜ್ಜನನ್ನು ಮರುವರ್ಷ ಮತ್ತೆ ಬಸ್ಸು ಹತ್ತಿಸುವುದು ಮನೆಯವರಿಗೆ ಬಲು ಕಷ್ಟದ ಕೆಲಸ. “ನನಗೇನಾಗೇದ?” ಎಂದು ಅವನು ಕಟ್ಟೆಯ ಮೇಲೆ ಕುಳಿತೇ ಇರುವನು.